ಚೋಪ್ತಾ ದಾರಿಯಲ್ಲಿ ನಾನು ಕಂಡದ್ದು ಮೇಕೆಯೋ ಜಿಂಕೆಯೋ?

ಕಡಿದಾದ ಗುಡ್ಡದಲ್ಲಿ ಬೂದು ಬಣ್ಣದ ಪ್ರಾಣಿ, ಗಂಟಲು ಬೆಳ್ಳಗಿತ್ತು, ಸೀನಿದ ಹಾಗೆ ಸದ್ದು ಮಾಡಿ ಮಾಯವಾಯಿತು ಅಂತ ಬರೆದಿದ್ದೀರಿ. ಅದು ಗೋರಲ್. ಉತ್ತರಾಖಂಡದ ಗಢವಾಲದವರು ಘುರಲ್ ಅನ್ನುತ್ತಾರೆ. ಜಿಂಕೆ ಖಂಡಿತ ಅಲ್ಲ. ಜಿಂಕೆಯ ಕೊಂಬು ಕವಲೊಡೆದು ವರ್ಷವರ್ಷ ಉದುರುತ್ತದೆ. ಗೋರಲ್‌ನದು ಗೇಣುದ್ದ ಇದ್ದರೆ ಹೆಚ್ಚು, ಹಿಂದಕ್ಕೆ ಬಾಗಿರುತ್ತದೆ, ಉದುರುವುದಿಲ್ಲ. ಹೆಣ್ಣಿಗೂ ಕೊಂಬಿದೆ. ಮೇಕೆಗೆ ಹತ್ತಿರದ ನೆಂಟ ಅನ್ನಬಹುದು, ಆದರೆ ಗಡ್ಡ ಇಲ್ಲ.

ನಾನು ಮೊದಲ ಸಲ ನೋಡಿದ್ದೂ ಅದೇ ಕಡೆ, ಚಮೋಲಿ ಜಿಲ್ಲೆಯ ಮಂಡಲ್ ಕಣಿವೆಯಲ್ಲಿ, ಜೂನ್ ಮೊದಲ ವಾರ. ಬಿಸಿಲು ಇನ್ನೂ ಕೆಳಗಿಳಿದಿರಲಿಲ್ಲ. ಮೇಲಿಂದ ಒಂದು ಸಣ್ಣ ಕಲ್ಲು ಉರುಳಿ ಬಂತು. ಜೊತೆಗಿದ್ದ ಊರಿನವರು ನನ್ನ ತೋಳು ಹಿಡಿದು ನಿಲ್ಲಿಸಿ "ಘುರಲ್" ಅಂದರು, ಅಷ್ಟೇ. ಎಷ್ಟು ಹೊತ್ತು ನೋಡಿದರೂ ನನಗೆ ಬಂಡೆ, ಒಣಹುಲ್ಲು ಬಿಟ್ಟು ಏನೂ ಕಾಣಲಿಲ್ಲ. ಆಮೇಲೆ ಒಂದು ಕಿವಿ ಅಲುಗಿತು. ಅಂಗೈಯಗಲದ ಬಂಡೆಯಂಚಿನ ಮೇಲೆ ನಾಲ್ಕೂ ಗೊರಸು ಜೋಡಿಸಿ ತಾಯಿ ನಿಂತಿತ್ತು. ಅದರ ಹೊಟ್ಟೆಗೆ ಒರಗಿಕೊಂಡು ಒಂದು ಮರಿ. ನನಗೆ ಉಸಿರಾಡಲೂ ಭಯವಾಯಿತು.

ಸುಮ್ನೆ ನಿಲ್ಲುವುದೇ ಅದರ ದೊಡ್ಡ ಉಪಾಯ. ಚಿರತೆ ಬಂದರೂ ಮೊದಲು ಅಲುಗದೆ ನಿಲ್ಲುತ್ತದೆ, ಮೈಬಣ್ಣ ಬಂಡೆಯಲ್ಲಿ ಬೆರೆತುಹೋಗುತ್ತದೆ. ತೀರಾ ಹತ್ತಿರವಾದರೆ ಮಾತ್ರ ಮೂಗಿನಿಂದ ಆ ಸೀನು, ಆಮೇಲೆ ಓಟ. ಆ ಸದ್ದು ಉಳಿದವುಗಳಿಗೂ ಎಚ್ಚರಿಕೆ. ಹೆಚ್ಚಾಗಿ ನಾಲ್ಕೈದು ಸೇರಿ ಚಿಕ್ಕ ಗುಂಪಾಗಿ ಇರುತ್ತವೆ, ವಯಸ್ಸಾದ ಗಂಡು ಒಂಟಿ.

ಸುಮಾರು 900ರಿಂದ 4,000 ಮೀಟರ್ ಎತ್ತರದವರೆಗೂ ಇದರ ವಾಸ. ಆದರೆ ಎತ್ತರಕ್ಕಿಂತ ಇಳಿಜಾರು ಮುಖ್ಯ. ಮೇಯಲು ಹುಲ್ಲು ಬೇಕು, ಓಡಲು ಬಂಡೆ ಬೇಕು, ಎರಡೂ ಪಕ್ಕಪಕ್ಕ ಇರಬೇಕು. ಇದರ ನೆಂಟ ಸೀರೋಗೆ ದಟ್ಟ ಕಾಡು ಇಷ್ಟ, ಮೈಯೂ ದೊಡ್ಡದು. ಹಾಗಾಗಿ ಒಂದೇ ಕಣಿವೆಯಲ್ಲಿದ್ದರೂ ಎರಡೂ ಬೇರೆ ಬೇರೆ ಜಾಗ ಹಿಡಿಯುತ್ತವೆ.

ಅದೇ ಹುಲ್ಲು ಊರಿನ ದನಕರುಗಳಿಗೂ ಬೇಕಲ್ವಾ? ನನಗೆ ಜಾಸ್ತಿ ಚಿಂತೆ ಇದರದ್ದೇ. ಬೇಟೆ ತಡೆಯಲು ಕಾನೂನಿದೆ, ಆದರೆ ಮೇವಿನ ಪೈಪೋಟಿಯಲ್ಲಿ ಯಾರನ್ನು ದೂರುವುದು?

ಮತ್ತೆ ಹೋದರೆ ಬೆಳಗಾಗುವ ಮೊದಲೇ ಹುಲ್ಲಿನ ಇಳಿಜಾರಿನ ಎದುರು ಕೂತುಬಿಡಿ. ಬಿಸಿಲೇರಿದ ಮೇಲೆ ಅವು ಬಂಡೆಸಂದಿಯಲ್ಲಿ ಮಲಗುತ್ತವೆ, ಮೋಡ ಕವಿದ ದಿನವಾದರೆ ಹಗಲೂ ಮೇಯುತ್ತವೆ. ಕಲ್ಲು ಉರುಳುವ ಸದ್ದಿಗೆ ಕಿವಿಗೊಡಿ. ಸೀನು ಕೇಳಿಸಿತೋ, ಇನ್ನೊಂದು ಹೆಜ್ಜೆ ಮುಂದಿಡಬೇಡಿ, ಮರಿ ಜೊತೆಗಿರಬಹುದು.