ಹಂದಿ ಅದಲುಬದಲಾದ ಕಥೆ ಎಲ್ಲಿ?

ವಿರಾಜಪೇಟೆ ಕಡೆಯ ಲೇಖಕಿಗೆ ನಮಸ್ಕಾರ.

ನಮ್ಮ ಪತ್ರಿಕೆಗೆ ನೀವು ಕಳಿಸಿದ ‘ತಟ್ಟೆಯಲ್ಲಿ ನಾಯಿ ಏಕಿಲ್ಲ?’ ಪ್ರಬಂಧ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲಾರೆ. ನಾಯಿ ತಿನ್ನುವವರನ್ನು ಕಂಡು ಮೂಗು ಮುರಿಯುವ ನಾವು ಕೊಡಗಿನ ಹಂದಿಮಾಂಸದ ಪಂದಿ ಕರಿಗೆ ಬೆರಳು ಚೀಪುವುದು ಆಷಾಢಭೂತಿತನ, ಹಂದಿಗೂ ನಾಯಿಯಷ್ಟೇ ಬುದ್ಧಿಯಿದೆ ಎಂಬುದು ನಿಮ್ಮ ವಾದ. ವಾದ ಸರಿಯೇ ಇರಬಹುದು, ಆದರೆ ಸವೆದುಹೋಗಿದೆ. ಎರಡನೇ ಪುಟಕ್ಕೆ ಬರುವ ಮೊದಲೇ ಕೊನೆಯ ಸಾಲು ಏನೆಂದು ಗೊತ್ತಾಗಿಬಿಟ್ಟಿತು.

ಮೊದಲು ಸಂಗತಿಗಳು. ನಾಗಾಲ್ಯಾಂಡಿನಲ್ಲಿ ನಾಯಿಮಾಂಸ ನಿಷೇಧವಾಗಿದೆ ಎಂದಿದ್ದೀರಿ. 2020ರ ಜುಲೈನಲ್ಲಿ ಅಲ್ಲಿನ ಸರ್ಕಾರ ನಿಷೇಧಿಸಿದ್ದು ನಿಜ. ಅದೇ ವರ್ಷ ಗುವಾಹಟಿ ಹೈಕೋರ್ಟಿನ ಕೊಹಿಮಾ ಪೀಠ ತಡೆ ಕೊಟ್ಟಿತು, 2023ರ ಜೂನ್‌ನಲ್ಲಿ ಆದೇಶವೇ ರದ್ದಾಯಿತು. ದಕ್ಷಿಣ ಕೊರಿಯಾ 2024ರ ಜನವರಿಯಲ್ಲಿ ತಂದ ಕಾಯ್ದೆ ಮಾಂಸಕ್ಕಾಗಿ ನಾಯಿ ಸಾಕುವವರಿಗೆ, ಕಡಿಯುವವರಿಗೆ, ಮಾರುವವರಿಗೆ 2027ರಿಂದ ಶಿಕ್ಷೆ ಇಟ್ಟಿದೆ, ತಿಂದವರಿಗೆ ಇಟ್ಟಿಲ್ಲ. ತಿನ್ನುವುದು ಬೇರೆ, ವ್ಯಾಪಾರ ಬೇರೆ ಎಂದು ಕಾನೂನೇ ಗೆರೆ ಎಳೆದಿರುವಾಗ ನೀವು ಎರಡನ್ನೂ ಕಲಸಿದ್ದೀರಿ. ಪೆರುವಿನ ಗಿನಿಪಿಗ್ ಮಾತ್ರ ಇರಲಿ. ಆಂಡೀಸ್ ಬೆಟ್ಟದ ಜನ ಮಾಂಸಕ್ಕೆಂದು ಸಾಕಿದ ಪ್ರಾಣಿ ಯುರೋಪಿಗೆ ಹೋಗಿ ಮಕ್ಕಳ ಮುದ್ದಾಯಿತು.

ಇನ್ನು, ಲೈನ್‌ಮನೆಯ (ತೋಟದ ಕೂಲಿಯವರ ಸಾಲುಮನೆಯ) ಅಸ್ಸಾಮಿ ಕೆಲಸಗಾರರು ತೋಟದ ನಾಯಿಗಳನ್ನು ತಿನ್ನುತ್ತಾರೆಂಬ ಪ್ಯಾರಾ. ಯಾರು ನೋಡಿದರು? ‘ಎಲ್ಲರೂ ಹೇಳುತ್ತಾರೆ’ ಎಂದಷ್ಟೇ ಇದೆ. ಚಿರತೆ ನಾಯಿ ಹೊತ್ತೊಯ್ಯುವ ಊರು ನಮ್ಮದು. ಆದರೂ ನಾಯಿ ಕಾಣೆಯಾದ ಕೂಡಲೇ ಕೂಲಿಯವರ ಪಾತ್ರೆಯ ಮುಚ್ಚಳ ತೆಗೆದು ನೋಡುವ ಬುದ್ಧಿ ನಮಗೇಕೆ ಬರುತ್ತದೆ? ಬೇಕಾದರೆ ಅದನ್ನೇ ಬೇರೆ ಲೇಖನವಾಗಿ ಬರೆಯಿರಿ. ಈ ಪ್ಯಾರಾ ತೆಗೆಯಿರಿ, ಚರ್ಚೆಯಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮೂರನೇ ಪುಟದ ಒಂದು ಸಾಲು, ಅದೂ ಬ್ರಾಕೆಟ್ಟಿನೊಳಗೆ: ‘ನಾವು ಸಾಕಿದ್ದನ್ನು ಪಕ್ಕದ ಮನೆಯವರಿಗೆ ಕೊಟ್ಟು ಕೈಲ್‌ಪೊಳ್ದ್ ಹಬ್ಬಕ್ಕೆ ಅವರ ಹಂದಿ ತರುತ್ತಿದ್ದೆವು.’ ಅಷ್ಟು ಹೇಳಿ ಮತ್ತೆ ಕೊರಿಯಾಕ್ಕೆ ಹಾರಿದ್ದೀರಿ! ನಿಮ್ಮ ಪ್ರಬಂಧ ಇರುವುದೇ ಅಲ್ಲಿ. ಹಂದಿಗೆ ಎಷ್ಟು ಬುದ್ಧಿ ಎಂಬ ಲೆಕ್ಕ ಅಲ್ಲಿ ಕೆಲಸಕ್ಕೆ ಬಾರದು. ಎರಡು ಹಂದಿಗೂ ಬುದ್ಧಿ ಒಂದೇ, ನೋವೂ ಒಂದೇ. ಮುಸುರೆ ಹಾಕಿದ ಕೈ ಮಾತ್ರ ಬೇರೆ. ಕರೆದರೆ ಓಡಿಬರುವುದನ್ನು ಕರೆದು ಕೊಲ್ಲಲು ನಿಮ್ಮ ಮನೆಯವರಿಗೆ ಮನಸ್ಸು ಬರಲಿಲ್ಲ. ಸರಿ, ಪಕ್ಕದ ಮನೆಯವರೂ ತಮ್ಮ ಹಂದಿಯನ್ನು ಹಾಗೆಯೇ ಕರೆದು ಸಾಕಿದವರಲ್ಲವೇ? ಹಾಗಾದರೆ ಪಾಪ ಕಳೆಯಿತೋ, ಕೈ ಬದಲಾಯಿತೋ? ಸಾಕಿದ ನಂಬಿಕೆಯೇ ಅಡ್ಡಿ ಎನ್ನುವುದಾದರೆ ಯಾರನ್ನೂ ನಂಬದ ಬೀದಿನಾಯಿಯನ್ನು ತಿನ್ನಲು ಏನಡ್ಡಿ? ಯಾರೂ ಹೆಸರಿಡದ ಫಾರಂ ಹಂದಿಯ ಪಾಡೇನು? ನನ್ನ ಮಟ್ಟಿಗೆ, ಅಂಗಡಿಯಿಂದ ಕಿಲೋ ಲೆಕ್ಕದಲ್ಲಿ ತರುವ ನಮಗಿಂತ ಅದಲುಬದಲು ಮಾಡಿಕೊಂಡವರು ಪ್ರಾಮಾಣಿಕರು. ಕೊಲ್ಲುವುದು ಕಷ್ಟ ಎಂದಾದರೂ ಅವರು ಒಪ್ಪಿಕೊಂಡಿದ್ದರು. ನೀವು ಇದನ್ನು ಒಪ್ಪಬೇಕಿಲ್ಲ, ಜಗಳವಾಡಿ. ಜಗಳ ಬರಹದಲ್ಲಿ ಕಾಣಲಿ.

ಹಿರಿಯರನ್ನು ಕೂರಿಸಿಕೊಂಡು ಕೇಳಿ. ಈ ಪದ್ಧತಿ ಶುರುಮಾಡಿದ್ದು ಯಾರು, ಹಂದಿಗೆ ಹೆಸರಿತ್ತೇ, ಹೊಡೆದುಕೊಂಡು ಹೋಗುತ್ತಿದ್ದವರು ಯಾರು, ನಿಮ್ಮ ಹಂದಿ ಅವರ ಒಲೆಯ ಮೇಲಿದ್ದ ದಿನ ಅವರು ಊಟಕ್ಕೆ ಕರೆದರೆ ಹೋಗುತ್ತಿದ್ದಿರೇ? ಬೇಟೆನಾಯಿಯ ಕಥೆಯನ್ನು ಅಜ್ಜನ ಪರಾಕ್ರಮಕ್ಕೆ ಬಳಸಿದ್ದೀರಿ, ಅದು ಬೇಡ. ಪಂದಿ ಕರಿಗೆ ಹಾಕುವ ಹುಳಿ ಕಾಚಂಪುಳಿ ಬಗೆಗಿನ ಅರ್ಧ ಪುಟ ಹೋಂಸ್ಟೇ ಅತಿಥಿಗಳಿಗೆ ಸರಿ, ನಮ್ಮ ಓದುಗರಿಗೆ ಒಂದು ಸಾಲು ಸಾಕು.

ಎಂಟು ಪುಟ ನಾಲ್ಕಾಗಲಿ. ಹುತ್ತರಿ ಸಂಚಿಕೆಯಲ್ಲಿ ಜಾಗ ಇಟ್ಟಿದ್ದೇನೆ, ನವೆಂಬರ್ ಮೊದಲ ವಾರದೊಳಗೆ ಕಳಿಸಿ. ಶೀರ್ಷಿಕೆ ಮಾತ್ರ ನಾನೇ ಹಾಕುತ್ತೇನೆ.