ಸಕ್ಕರೆಗೆ ಫ್ಲೋರೈಡ್ ಸೇರಿಸಿದರೆ ಹಲ್ಲು ಹುಳುಕು ತಪ್ಪುತ್ತಾ?

ಉಪ್ಪಿಗೆ ಅಯೋಡಿನ್ ಹಾಕುವ ಹಾಗೆ ಸಕ್ಕರೆಗೂ ಫ್ಲೋರೈಡ್ ಹಾಕಿ ಮಾರಿದರೆ ಮಕ್ಕಳ ಹಲ್ಲು ಉಳಿಯುತ್ತಲ್ವಾ ಅಂತ ಕೇಳಿದ್ದೀರಿ, ಅದೂ ರಾಯಚೂರಿನಿಂದ. ಸ್ವಲ್ಪ ಮಟ್ಟಿಗೆ ಉಳಿಯಬಹುದು. ಆದರೆ ನಮ್ಮ ಕಡೆಗೆ ಅದು ಬೇಡ.

ಯೋಚನೆಯಲ್ಲಿ ಹುರುಳಿಲ್ಲ ಅಂತಲ್ಲ. ಬಾಯಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಮಾಡುತ್ತವೆ, ಆ ಆಮ್ಲ ಹಲ್ಲಿನ ಮೇಲ್ಪದರವನ್ನು ಕರಗಿಸುತ್ತದೆ. ಅದೇ ಹೊತ್ತಿಗೆ ಎಂಜಲಲ್ಲಿ ಒಂಚೂರು ಫ್ಲೋರೈಡ್ ಇದ್ದರೆ ಕರಗುವುದು ಕಡಿಮೆ, ಕರಗಿದ ಖನಿಜ ಮತ್ತೆ ಹಲ್ಲಿಗೆ ಕೂರುವುದು ಜಾಸ್ತಿ. ಇಂಡೋನೇಷ್ಯಾದಲ್ಲಿ ಮಕ್ಕಳಿಗೆ ಇಂಥ ಸಕ್ಕರೆ ಕೊಟ್ಟು ನೋಡಿದ್ದಾರೆ, ಹುಳುಕು ಕಡಿಮೆಯಾಗಿತ್ತು. ಸ್ವಿಟ್ಜರ್ಲೆಂಡಿನವರು 1955ರಿಂದ ಉಪ್ಪಿಗೆ ಹಾಕುತ್ತಿದ್ದಾರೆ. ಅಮೆರಿಕದ ಗ್ರ್ಯಾಂಡ್ ರಾಪಿಡ್ಸ್ ಊರಲ್ಲಿ 1945ರಲ್ಲೇ ನೀರಿಗೆ ಹಾಕಿದರು.

ಅವರ ನೀರಲ್ಲಿ ಕಡಿಮೆ ಇತ್ತು, ಹಾಕಿದರು. ನಮ್ಮ ಕಾಲಡಿ ಇರೋದು ಗ್ರಾನೈಟ್. ಆಳದ ನೀರು ಆ ಕಲ್ಲಿನ ಸಂದಿನಲ್ಲಿ ವರ್ಷಗಟ್ಟಲೆ ನಿಂತು ಫ್ಲೋರೈಡ್ ಸೇರಿಸಿಕೊಂಡೇ ಬೋರ್‌ವೆಲ್‌ಗೆ ಬರುತ್ತದೆ. ನಾನು ಕುಷ್ಟಗಿ ಕಡೆ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ, ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಕಂದು ಪಟ್ಟೆ. "ಸರ, ಹುಳ ಹಿಡದೈತಿ, ಎಷ್ಟು ತಿಕ್ಕಿದ್ರೂ ಹೋಗವಲ್ದು" ಅಂತಾರೆ ತಂದೆ-ತಾಯಿ. ಅದು ಹುಳುಕಲ್ಲ, ಹಲ್ಲು ದವಡೆಯೊಳಗೆ ಬೆಳೆಯುವಾಗಲೇ ಫ್ಲೋರೈಡ್ ಜಾಸ್ತಿಯಾಗಿ ಬಿದ್ದ ಕಲೆ. ತಿಕ್ಕಿದರೆ ಹೋಗುವುದಿಲ್ಲ.

ಹಾಗಂತ ಆ ಸಕ್ಕರೆ ವಿಷ ಅನ್ನೋರ ಮಾತನ್ನೂ ನಾನು ಒಪ್ಪಲ್ಲ. ಲೆಕ್ಕ ನೋಡಿ. ಕಿಲೋ ಸಕ್ಕರೆಗೆ 10 ಮಿಲಿಗ್ರಾಂ ಹಾಕಿದರು ಅಂದುಕೊಳ್ಳಿ, ದಿನಕ್ಕೆ 50 ಗ್ರಾಂ ತಿಂದವರಿಗೆ ಸಿಗೋದು ಅರ್ಧ ಮಿಲಿಗ್ರಾಂ. ಲೀಟರಿಗೆ 3 ಮಿಲಿಗ್ರಾಂ ಇರುವ ಬೋರ್ ನೀರನ್ನು 2 ಲೀಟರ್ ಕುಡಿದರೆ 6 ಮಿಲಿಗ್ರಾಂ. ನಮ್ಮ ದೇಶದ ಮಾನದಂಡದಲ್ಲಿ ಕುಡಿಯುವ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲ ಅಂದರೆ 1.5ರ ತನಕ ಸರಿ. ಅಂದರೆ ಇಲ್ಲಿ ಕೇಡು ಮಾಡುತ್ತಿರೋದು ನೀರು, ಸಕ್ಕರೆ ಅದರ ಮೇಲೆ ಸುಮ್ನೆ ಇನ್ನೊಂದಿಷ್ಟು ಹಾಕುತ್ತದೆ ಅಷ್ಟೇ. ಮೇಲಾಗಿ ಉಪ್ಪನ್ನು ಎಲ್ಲರೂ ಹೆಚ್ಚುಕಡಿಮೆ ಅಷ್ಟೇ ತಿನ್ನುತ್ತಾರೆ. ಸಕ್ಕರೆ ಹಾಗಲ್ಲ, ಒಬ್ಬರ ಮನೆಯಲ್ಲಿ ಬೆಲ್ಲ, ಇನ್ನೊಬ್ಬರು ಗಂಟೆಗೊಂದು ಚಾ. ನನಗೆ ಇನ್ನೂ ಸಿಟ್ಟು ಬರೋದು ಎಲ್ಲಿ ಅಂದರೆ, ಪ್ಯಾಕೆಟ್ ಮೇಲೆ "ಹಲ್ಲಿಗೆ ಒಳ್ಳೆಯದು" ಅಂತ ಬರೆದುಬಿಟ್ಟರೆ ಮಗುವಿನ ಹಾಲಿಗೆ ಇನ್ನೊಂದು ಚಮಚ ಬಿತ್ತು ಅಂತಲೇ ಲೆಕ್ಕ.

ಹಲ್ಲಿಗೆ ಬೇಕಾದ ಫ್ಲೋರೈಡ್ ಪೇಸ್ಟಿನಲ್ಲೇ ಸಿಗುತ್ತದೆ. 3 ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಷ್ಟು, 6ರ ತನಕ ಬಟಾಣಿಯಷ್ಟು, ನುಂಗದ ಹಾಗೆ ಪಕ್ಕದಲ್ಲಿ ನಿಂತು ನೋಡಿ. ನಿಮ್ಮ ಮನೆಗೆ ತುಂಗಭದ್ರಾ ಅಥವಾ ಕೃಷ್ಣಾ ನೀರು ಬರುತ್ತಿದ್ದರೆ ಇಷ್ಟು ಸಾಕು. ಬೋರ್ ನೀರಾದರೆ ಮೊದಲು ಪರೀಕ್ಷೆ ಮಾಡಿಸಿ, ಜಾಸ್ತಿ ಬಂದರೆ ಕುಡಿಯೋಕೆ, ಅಡುಗೆಗೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ತನ್ನಿ. ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಉಳಿದಿದ್ದರಲ್ಲಿ ಅದು ಜಾಸ್ತಿಯೇ ಆಗುತ್ತದೆ.