ತಡೆದು ನಿಂತ ಓಟ

ಪ್ರಶ್ನೆ: ಮೊಣಕಾಲಿನ ಗಾಯದಿಂದ ಓಟ ಬಿಟ್ಟವಳು ಹತ್ತು ವರ್ಷಗಳ ನಂತರ ಹಳೆಯ ಪ್ರಿಯಕರನನ್ನು ಭೇಟಿಯಾಗುವ ಕಾದಂಬರಿ ಬರೆಯುತ್ತಿದ್ದೇನೆ. ಅವರನ್ನು ಬೇಗನೆ ಒಂದುಗೂಡಿಸಿದರೆ ಕಥೆ ಸಪ್ಪೆಯಾಗುವುದೇ?

ಉತ್ತರ: ಬೇಗನೆ ಒಂದುಗೂಡಿಸಿದರೆ ತೊಂದರೆಯಿಲ್ಲ, ಸುಲಭವಾಗಿ ಒಂದುಗೂಡಿಸಿದರೆ ಖಂಡಿತ ಸಪ್ಪೆಯಾಗುತ್ತದೆ. ಮೊಣಕಾಲಿನ ಲಿಗಮೆಂಟ್ ಹರಿದು ಶಸ್ತ್ರಚಿಕಿತ್ಸೆಯಾದ ಕ್ರೀಡಾಪಟುಗಳು ಮೈದಾನಕ್ಕೆ ಮರಳಲು ಸಾಮಾನ್ಯವಾಗಿ 9 ತಿಂಗಳಾದರೂ ಬೇಕಾಗುವಾಗ, ಮುರಿದ ನಂಬಿಕೆಯು ಒಂದೇ ಸಂಜೆಯ ಮಾತಿನಲ್ಲಿ ಕೂಡಿಕೊಂಡಿತೆಂದರೆ ಓದುಗರು ಒಪ್ಪುವುದಿಲ್ಲ. ಆಕೆಯ ಶೂ ಲೇಸು ಕಟ್ಟಲು ಬಗ್ಗಿದವನು, ಅವಳ ಮುಖ ನೋಡಿ ಕೈ ಹಿಂತೆಗೆದುಕೊಂಡು, ಸುಲಭವಾಗಿ ಮಡಚಲು ಬಾರದ ಕಾಲನ್ನು ಅವಳೇ ನಿಧಾನವಾಗಿ ಮಡಚುವವರೆಗೆ ಸುಮ್ಮನೆ ಕಾಯಲಿ. ಕ್ಷಮಾಪಣೆಯ ಉದ್ದನೆಯ ಸಂಭಾಷಣೆಗಿಂತ ಅದು ಹೆಚ್ಚು ಹೇಳುತ್ತದೆ. ಕೈಬಿಟ್ಟ ಕನಸಿಗೆ ಮದುವೆಯನ್ನು ಪರಿಹಾರವಾಗಿ ಕೊಡಬೇಡಿ. ಕೊನೆಯ ಅಧ್ಯಾಯದಲ್ಲಿ ಚಿನ್ನದ ಪದಕ ಕೊಡಿಸುವ ಆಸೆಯನ್ನೂ (ನನಗೂ ಬರುವಂಥದ್ದೇ) ದಯವಿಟ್ಟು ತಡೆದುಕೊಳ್ಳಿ.